ಎಸ್‌ಟಿಎಲ್ ಫೈಲನ್ನು ಸಾಲಿಡ್ ಮಾಡೋಕೆ ಫ್ರೀಕ್ಯಾಡ್ ಸಾಕಾ?

ಎಸ್‌ಟಿಎಲ್ ಅಂದರೆ 3ಡಿ ಪ್ರಿಂಟ್‌ಗೆ ಬಳಸುವ ಆಕಾರದ ಫೈಲ್, ಸಾಲಿಡ್ ಅಂದರೆ ಒಳಗೂ ತುಂಬಿರುವ ಮಾಡೆಲ್, ಫ್ರೀಕ್ಯಾಡ್ ಅಂದರೆ ಕಂಪ್ಯೂಟರ್‌ನಲ್ಲಿ ಪಾರ್ಟ್ ಡಿಸೈನ್ ಮಾಡುವ ಉಚಿತ ಸಾಫ್ಟ್‌ವೇರ್. ಚಪ್ಪಟೆ ಮುಖಗಳ ಪಾರ್ಟ್ ಆದರೆ ಅದು ಧಾರಾಳವಾಗಿ ಸಾಕು. ಬೇರಿಂಗ್ ಕೂರುವ ಬೋರ್ (ದುಂಡು ತೂತು) ಇದ್ದರೆ ಅರ್ಧ ಕೆಲಸ ಅದು ಮಾಡುತ್ತದೆ, ಉಳಿದರ್ಧ ನಾವೇ ಮಾಡಬೇಕು.

ಪೀಣ್ಯದಲ್ಲಿ ನಮ್ಮದು ಎರಡು ವಿಎಂಸಿ (ಪ್ರೋಗ್ರಾಂ ಪ್ರಕಾರ ಲೋಹ ಕತ್ತರಿಸುವ ಮಷಿನ್) ಇರುವ ಜಾಬ್ ವರ್ಕ್ ಶೆಡ್. ಡ್ರಾಯಿಂಗ್, ಪ್ರೋಗ್ರಾಂ ಎರಡೂ ನನ್ನ ತಲೆ ಮೇಲೆ. ಮೊದಲೆಲ್ಲ ಗಿರಾಕಿಗಳು ಪೇಪರ್ ಡ್ರಾಯಿಂಗ್ ತರುತ್ತಿದ್ದರು, ಇಲ್ಲಾಂದ್ರೆ ಸವೆದ ಹಳೇ ಪೀಸ್ ತಂದು ಟೇಬಲ್ ಮೇಲೆ ಇಡುತ್ತಿದ್ದರು. ಈಗ ವಾಟ್ಸ್ಆಪ್‌ನಲ್ಲಿ ಎಸ್‌ಟಿಎಲ್ ಬರುತ್ತದೆ. "ಸರ್, ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್ ಮಾಡಿ ನೋಡಿದ್ವಿ, ಸರಿಯಾಗಿದೆ. ಅಲ್ಯೂಮಿನಿಯಂನಲ್ಲಿ ಮಾಡಿಕೊಡಿ." ಸ್ಟೆಪ್ ಫೈಲ್ (ಸಾಲಿಡ್ ಮಾಡೆಲ್ ಇರುವ ಫೈಲ್) ಇದ್ಯಾ ಅಂದರೆ, ಡಿಸೈನ್ ಮಾಡಿದ ಹುಡುಗ ಕೆಲಸ ಬಿಟ್ಟು ಹೋಗಿರುತ್ತಾನೆ!

ಎಸ್‌ಟಿಎಲ್ ಅನ್ನೋದು ಡೋಲಿನ ಹಾಗೆ. ಹೊರಗೆ ಚರ್ಮ, ಒಳಗೆ ಗಾಳಿ. ಆ ಚರ್ಮವೂ ಬರೀ ತ್ರಿಕೋನಗಳು. ಇದು ಹೋಲ್, ಇದು ಫಿಲೆಟ್ (ದುಂಡಾಗಿಸಿದ ಅಂಚು) ಅನ್ನುವ ಮಾಹಿತಿ ಅದರಲ್ಲಿ ಇರಲ್ಲ. ಅಳತೆ ಮಿಲಿಮೀಟರಾ ಇಂಚಾ ಅನ್ನೋದೂ ಇರಲ್ಲ. ಫ್ರೀಕ್ಯಾಡ್ ಎಲ್ಲವನ್ನೂ ಮಿಲಿಮೀಟರ್ ಅಂತಲೇ ಓದುತ್ತದೆ. ಹಾಗಾಗಿ ತೆರೆದ ಕೂಡಲೇ ಒಂದು ಗೊತ್ತಿರುವ ಅಳತೆ ನೋಡಿ. ಪಾರ್ಟ್ ಬೆರಳುಗುರಿನಷ್ಟು ಕಂಡರೆ ಅದು ಇಂಚಿನದು, 25.4ರಿಂದ ಗುಣಿಸಿ.

ನಾನು ಬಳಸುವುದು 2024ರ ನವೆಂಬರ್‌ನಲ್ಲಿ ಬಂದ 1.0. ಮೊದಲು ಮೆಶ್ (ತ್ರಿಕೋನಗಳ ಬಲೆ) ವರ್ಕ್‌ಬೆಂಚ್‌ನಲ್ಲಿ ತಪಾಸಣೆ ಓಡಿಸಿ, ತೂತು, ತಿರುಗುಮುರುಗಾದ ತ್ರಿಕೋನ ಇದ್ದರೆ ಸರಿಮಾಡಬೇಕು. ಆಮೇಲೆ ಪಾರ್ಟ್ ವರ್ಕ್‌ಬೆಂಚ್‌ಗೆ ಹೋಗಿ ಮೆಶ್‌ನಿಂದ ಶೇಪ್, ಶೇಪ್‌ನಿಂದ ಸಾಲಿಡ್. ಕೊನೆಗೆ ರಿಫೈನ್ ಶೇಪ್ ಒತ್ತಿದರೆ ಒಂದೇ ಸಮತಲದಲ್ಲಿರುವ ತ್ರಿಕೋನಗಳೆಲ್ಲ ಸೇರಿ ಒಂದೇ ಮುಖ ಆಗುತ್ತವೆ. ಚೌಕಾಕಾರದ ಬ್ರಾಕೆಟ್, ಫಿಕ್ಸ್ಚರ್ ಪ್ಲೇಟ್‌ಗಳಲ್ಲಿ ಈ ಕೊನೆ ಹೆಜ್ಜೆ ನೋಡೋಕೇ ಖುಷಿ. ಗಿಜಿಗಿಜಿ ಗೆರೆಗಳೆಲ್ಲ ಹೋಗಿ ಶುದ್ಧವಾದ ಪಾರ್ಟ್ ಎದುರಿಗೆ ನಿಲ್ಲುತ್ತದೆ.

ದುಂಡಗಿನ ಕಡೆ ಕತೆ ಬೇರೆ. 6202 ಬೇರಿಂಗ್‌ನ ಹೊರ ವ್ಯಾಸ 35 ಮಿ.ಮೀ. ಅದು ಕೂರುವ ಬೋರನ್ನು ಎಸ್‌ಟಿಎಲ್‌ನಲ್ಲಿ 36 ಪಟ್ಟಿಗಳಾಗಿ ಕತ್ತರಿಸಿದ್ದಾರೆ ಅನ್ನಿ. ಮೂಲೆಗಳು 35ರ ವೃತ್ತದ ಮೇಲೇ ಇರುತ್ತವೆ, ಆದರೆ ಪಟ್ಟಿಗಳ ನಡುಭಾಗ ಒಳಗೆ ತಳ್ಳಿಕೊಂಡಿರುತ್ತದೆ. ಪಟ್ಟಿಯಿಂದ ಎದುರು ಪಟ್ಟಿಗೆ ಅಳೆದರೆ 34.87. ಎಚ್7 (ತೂತಿನ ಅಳತೆಗೆ ಇರುವ ಮಿತಿ) ಫಿಟ್‌ಗೆ ನಮಗಿರುವ ಅವಕಾಶ 35.000ದಿಂದ 35.025. ಪ್ಲಾಸ್ಟಿಕ್ ಪ್ರಿಂಟ್‌ನಲ್ಲಿ ಬೇರಿಂಗನ್ನು ಒತ್ತಿ ಕೂರಿಸಿಬಿಡಬಹುದು, ಅಲ್ಯೂಮಿನಿಯಂ ಅಷ್ಟು ಬಿಟ್ಟುಕೊಡಲ್ಲ. ಆ ಪಟ್ಟಿಗಳು ಬೇರೆ ಬೇರೆ ಸಮತಲಗಳಾದ್ದರಿಂದ ರಿಫೈನ್ ಅವನ್ನು ಸೇರಿಸುವುದೂ ಇಲ್ಲ. ಹೀಗೇ ಸ್ಟೆಪ್ ಮಾಡಿ ಕ್ಯಾಮ್‌ಗೆ (ಮಷಿನ್ ಪ್ರೋಗ್ರಾಂ ತಯಾರಿಸುವ ಸಾಫ್ಟ್‌ವೇರ್) ಕೊಟ್ಟರೆ ಅದಕ್ಕೆ ಕಾಣೋದು ಬಹುಭುಜ, ಬೋರ್ ಅಲ್ಲ.

ನನ್ನ ದಾರಿ ಇದು. ಬದಲಾಯಿಸಿದ ಸಾಲಿಡನ್ನು ನೋಡಿ ಬರೆಯೋಕೆ ಮಾದರಿ ಅಂತ ಮಾತ್ರ ಇಟ್ಟುಕೊಳ್ಳುತ್ತೇನೆ. ಕ್ರಾಸ್ ಸೆಕ್ಷನ್ ತೆಗೆದು, ಅದರ ಮೂಲೆಗಳನ್ನು ಸ್ಕೆಚ್‌ಗೆ ಎಳೆದುಕೊಂಡು, ಮೂರು ಬಿಂದುಗಳಿಂದ ವೃತ್ತ ಹಾಕುತ್ತೇನೆ. 34.998 ಅಂತ ಬಂದರೆ ಅದು 35 ಅಂತ ಗಿರಾಕಿಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳುತ್ತೇನೆ. ಆಮೇಲೆ ಹೊಸದಾಗಿ ಪ್ಯಾಡ್ (ಸ್ಕೆಚ್‌ಗೆ ದಪ್ಪ ಕೊಡೋದು), ಪಾಕೆಟ್ (ಕತ್ತರಿಸಿ ತೆಗೆಯೋದು). ಹೊರಗಿನವರಿಗೆ ಇದು ಡಬಲ್ ಕೆಲಸ ಅನ್ನಿಸಬಹುದು. ಆದರೆ ಹೀಗೆ ಬರೆದ ಮಾಡೆಲ್‌ನಲ್ಲಿ ನಾಳೆ ಹೋಲ್ ಸೈಜ್ ಬದಲಾದರೆ ಒಂದು ಸಂಖ್ಯೆ ತಿದ್ದಿದರೆ ಮುಗೀತು.

ಆಟೋಡೆಸ್ಕ್ ಫ್ಯೂಷನ್‌ನಲ್ಲಿ ಪ್ರಿಸ್ಮ್ಯಾಟಿಕ್ ಅನ್ನುವ ಆಯ್ಕೆ ಇದೆ. ಪಟ್ಟಿಗಳ ಗುಂಪನ್ನು ಗುರುತಿಸಿ ನಿಜವಾದ ಸಿಲಿಂಡರ್ ಮಾಡಿಕೊಡುತ್ತದೆ. ಈ ವಿಷಯದಲ್ಲಿ ಅದೇ ಮುಂದು, ಸುಮ್ನೆ ವಾದ ಬೇಡ. ಆದರೆ ಅದು ದುಡ್ಡು ಕೊಟ್ಟವರಿಗೆ. ಉಚಿತ ಪರ್ಸನಲ್ ಲೈಸೆನ್ಸ್ ಹವ್ಯಾಸಕ್ಕೆ ಇರೋದು, ನಮ್ಮಂಥ ಶೆಡ್ಡಿಗಲ್ಲ. ದಿನಾ ಇದೇ ಕೆಲಸ ಬರುವವರು ಕೊಂಡುಕೊಳ್ಳಿ. ನಮಗೆ ಆಗೊಮ್ಮೆ ಈಗೊಮ್ಮೆ ಬರುತ್ತದೆ, ಫ್ರೀಕ್ಯಾಡನ್ನು ವ್ಯಾಪಾರಕ್ಕೆ ಬಳಸಿದರೂ ಯಾರೂ ಕೇಳಲ್ಲ.

ದೊಡ್ಡ ಫೈಲ್ ಬಂದರೆ ಫ್ರೀಕ್ಯಾಡ್ ಏದುಸಿರು ಬಿಡುತ್ತದೆ. ಬೈನರಿ ಎಸ್‌ಟಿಎಲ್‌ನಲ್ಲಿ ಒಂದು ತ್ರಿಕೋನಕ್ಕೆ 50 ಬೈಟ್. ಅಂದರೆ 5 ಎಂಬಿ ಫೈಲ್ ಸುಮಾರು ಒಂದು ಲಕ್ಷ ತ್ರಿಕೋನ. ಅಷ್ಟನ್ನು ಹಾಗೇ ಸಾಲಿಡ್ ಮಾಡಲು ಹೋಗಬೇಡಿ, ಮೊದಲು ಡೆಸಿಮೇಷನ್‌ನಿಂದ ತ್ರಿಕೋನಗಳ ಸಂಖ್ಯೆ ಇಳಿಸಿ. ಎಸ್.ಪಿ. ರಸ್ತೆಗೆ ಹೋಗಿ ರ್‍ಯಾಮ್ ಜಾಸ್ತಿ ಹಾಕಿಸಿದರೂ ಇದಕ್ಕೆ ದೊಡ್ಡ ಪರಿಹಾರವೇನಲ್ಲ.

ಇನ್ನು ವಿಗ್ರಹ, ಮುಖವಾಡದ ಸ್ಕ್ಯಾನ್ ತಂದು ಸಾಲಿಡ್ ಮಾಡಿಕೊಡಿ ಅನ್ನುವವರೂ ಇದ್ದಾರೆ. ಅವರಿಗೆ ಇದು ಬೇಕೇ ಇಲ್ಲ. ಅಂಥ ಮೇಲ್ಮೈಗೆ ಬಾಲ್‌ನೋಸ್ (ತುದಿ ದುಂಡಗಿರುವ) ಟೂಲ್ ಓಡಿಸೋಕೆ ಬಹಳಷ್ಟು ಕ್ಯಾಮ್ ಸಾಫ್ಟ್‌ವೇರ್‌ಗಳು ಎಸ್‌ಟಿಎಲ್ಲನ್ನೇ ನೇರವಾಗಿ ತೆಗೆದುಕೊಳ್ಳುತ್ತವೆ.