ಎರಿ ಹೊಲದಲ್ಲಿ ಸಿಕ್ಕಿಬಿದ್ದ ಬಿಎಂಡಬ್ಲ್ಯು ಎಕ್ಸ್‌1: ಐದು ವರ್ಷ, 82 ಸಾವಿರ ಕಿಲೋಮೀಟರ್ ಓಡಿಸಿದ ಮೇಲೆ

ಸೀಗಿ ಹುಣ್ಣಿಮೆಯ ದಿನ ಭೂಮಿತಾಯಿಗೆ ಎಡೆ ಹಿಡಿದು ಚರಗ ಚೆಲ್ಲೋಕೆ ಅಣ್ಣಿಗೇರಿ ಹತ್ತಿರದ ನಮ್ಮ ಹೊಲಕ್ಕೆ ಹೊರಟಿದ್ದೆವು. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಡಾಂಬರು ರಸ್ತೆಯಿಂದ ಗಾಡಿಯನ್ನು ಹೊಲದ ದಾರಿಗೆ ಇಳಿಸಿದೆ. ಐವತ್ತು ಮಾರು ಹೋಗಿರಲಿಲ್ಲ, ಮುಂದಿನ ಎರಡೂ ಗಾಲಿ ಇದ್ದಲ್ಲೇ ತಿರುಗತೊಡಗಿದವು. ಎರಿ ಮಣ್ಣು ಗೊತ್ತಲ್ಲ, ಒದ್ದೆಯಾದರೆ ಕಾಲಿನ ಚಪ್ಪಲಿಯನ್ನೂ ಬಿಡೋದಿಲ್ಲ. ಟೈರಿನ ಗೀರುಗಳೆಲ್ಲ ಮುಚ್ಚಿಹೋಗಿ ಗಾಲಿ ಕರಿ ಮುದ್ದೆಯ ಹಾಗಾಯಿತು. ಹಿಂದಿನ ಸೀಟಿನಲ್ಲಿ ಅವ್ವ, ಡಿಕ್ಕಿಯಲ್ಲಿ ಕಡುಬು, ಪುಂಡಿಪಲ್ಯ, ಸಜ್ಜಿ ರೊಟ್ಟಿಯ ಬುತ್ತಿ. ಪಕ್ಕದ ಹೊಲದಿಂದ ಟ್ರ್ಯಾಕ್ಟರ್ ತಂದ ಹುಡುಗ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ ಕೇಳಿದ: “ಸಾಹೇಬ್ರ, ಇದು ಜೀಪ್ ಅಲ್ಲೇನ್ರಿ?”

ಅಲ್ಲ, ಜೀಪ್ ಅಲ್ಲ. ಅಷ್ಟು ಲಕ್ಷ ಕೊಟ್ಟು ತಂದವನಿಗೂ ಅದು ಸರಿಯಾಗಿ ತಲೆಗೆ ಹೋಗಿದ್ದು ಅವತ್ತೇ.

ನನ್ನದು ಬಿಎಂಡಬ್ಲ್ಯು ಎಕ್ಸ್‌1, ಎಸ್‌ಡ್ರೈವ್20ಡಿ, 2018ರ ಗಾಡಿ. 2020ರ ಕೊನೆಗೆ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಆಗ 31 ಸಾವಿರ ಓಡಿತ್ತು, ಈಗ ಮೀಟರ್ 1,13,000 ದಾಟಿದೆ. ನಾನು ಹುಬ್ಬಳ್ಳಿಯವನು, ಮೆಣಸಿನಕಾಯಿ ವ್ಯಾಪಾರ. ಅಮರಗೋಳದ ಎಪಿಎಂಸಿಗೆ ದಿನಾ ಓಡಾಟ, ಬ್ಯಾಡಗಿ ಮಾರುಕಟ್ಟೆಗೆ ವಾರಕ್ಕೊಮ್ಮೆಯಾದರೂ, ಗದಗಕ್ಕೆ ತಿಂಗಳಿಗೆ ಎರಡು ಸಲ. ಮಗಳು ಬೆಂಗಳೂರಿನಲ್ಲಿರೋದರಿಂದ ಅಲ್ಲಿಗೂ ಹೋಗಿ ಬರೋದು ಇದ್ದೇ ಇದೆ.

ಟ್ರ್ಯಾಕ್ಟರ್ ಹುಡುಗನ ಪ್ರಶ್ನೆಗೆ ಉತ್ತರ ಹೇಳಬೇಕು ಅಂದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೊದಲ ಎಕ್ಸ್‌1 ಬಂದದ್ದು 2009ರಲ್ಲಿ, ನಮ್ಮ ದೇಶಕ್ಕೆ ಬಂದದ್ದು 2010ರ ಕೊನೆಗೆ. ಅದನ್ನು ಮಾಡಿದ್ದು ಬಿಎಂಡಬ್ಲ್ಯುದೇ 3 ಸೀರೀಸ್ ಎಸ್ಟೇಟ್, ಅಂದರೆ ಹಿಂದೆ ಉದ್ದನೆಯ ಡಿಕ್ಕಿ ಇರುವ ಕಾರಿನ ಅಡಿಪಾಯದ ಮೇಲೆ. ಎಂಜಿನ್ ಉದ್ದುದ್ದ ಕೂತಿತ್ತು, ಶಕ್ತಿ ಹಿಂದಿನ ಗಾಲಿಗೆ ಹೋಗುತ್ತಿತ್ತು. ಉದ್ದನೆಯ ಮೂತಿ, ತಗ್ಗಿದ ಮಾಡು. ನನ್ನ ಗೆಳೆಯನ ಹತ್ತಿರ ಒಂದಿತ್ತು. ಓಡಿಸುವವನಿಗೆ ಹಬ್ಬ, ಹಿಂದೆ ಕೂತವರಿಗೆ ಉಪವಾಸ. ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 2,760 ಮಿಲಿಮೀಟರ್ ಅಂತರ ಇದ್ದರೂ ಅದರಲ್ಲಿ ದೊಡ್ಡ ಪಾಲು ಎಂಜಿನ್ನೇ ನುಂಗುತ್ತಿತ್ತು.

2015ರಲ್ಲಿ ಎರಡನೇ ಪೀಳಿಗೆ ಬಂತು. ನನ್ನದು ಅದೇ. ಇಲ್ಲಿ ಎಂಜಿನ್ನನ್ನು ಅಡ್ಡ ತಿರುಗಿಸಿ ಇಟ್ಟರು, ಶಕ್ತಿಯನ್ನು ಮುಂದಿನ ಗಾಲಿಗೆ ಕೊಟ್ಟರು. ಅಡಿಪಾಯ ಮಿನಿ ಕಾರುಗಳ ಜೊತೆ ಹಂಚಿಕೊಂಡದ್ದು. ಬಿಎಂಡಬ್ಲ್ಯು ಅಂದರೆ ಹಿಂದಿನ ಗಾಲಿಯೇ ಅಂತ ನಂಬಿದವರಿಗೆ ಇದು ಜಾತಿ ಕೆಟ್ಟ ಹಾಗೆ ಕಂಡಿತು. ನನ್ನ ಗೆಳೆಯ ಈಗಲೂ ನನ್ನ ಗಾಡಿಯನ್ನು ಎಕ್ಸ್‌1 ಅಂತ ಒಪ್ಪೋದಿಲ್ಲ. ಆದರೆ ಲೆಕ್ಕ ನೋಡಿ. ಗಾಲಿಗಳ ನಡುವಿನ ಅಂತರ 90 ಮಿಲಿಮೀಟರ್ ಕಡಿಮೆಯಾಗಿ 2,670ಕ್ಕೆ ಇಳಿಯಿತು. ಅಷ್ಟಾದರೂ ಹಿಂದಿನ ಸೀಟಿನಲ್ಲಿ ಮೊಣಕಾಲಿಗೆ 37 ಮಿಲಿಮೀಟರ್‌ವರೆಗೆ ಜಾಗ ಜಾಸ್ತಿಯಾಯಿತು. ಎತ್ತರ 53 ಮಿಲಿಮೀಟರ್ ಏರಿತು. ಡಿಕ್ಕಿ 420 ಲೀಟರಿನಿಂದ 505 ಲೀಟರಿಗೆ ಹೋಯಿತು. ಸಣ್ಣ ಪಡಸಾಲೆಯಲ್ಲಿ ಉದ್ದಕ್ಕಿದ್ದ ಮಂಚವನ್ನು ಎಳೆದು ಗೋಡೆಗೆ ಅಡ್ಡ ಹಾಕಿದರೆ ನಾಲ್ಕು ಮಂದಿ ಕೂರೋಕೆ ಜಾಗ ಆಗುತ್ತದಲ್ಲ, ಹಾಗೆ.

ಒಂದು ತಮಾಷೆ ಇದೆ. ಹಳೆಯದರಲ್ಲಿ ‘ಎಸ್‌ಡ್ರೈವ್’ ಅಂದರೆ ಹಿಂದಿನ ಗಾಲಿ. ನನ್ನದರಲ್ಲಿ ಅದೇ ‘ಎಸ್‌ಡ್ರೈವ್’ ಅಂದರೆ ಮುಂದಿನ ಗಾಲಿ. ನಾಲ್ಕೂ ಗಾಲಿಯದು ‘ಎಕ್ಸ್‌ಡ್ರೈವ್’. 2016ರಲ್ಲಿ ಇಲ್ಲೂ ಅದನ್ನು ಮಾರುತ್ತಿದ್ದರು. ನಾನು ತಗೊಳ್ಳುವಾಗ ಅದೂ ಒಂದು ಸಿಕ್ಕಿತ್ತು, ಮೂರು ಲಕ್ಷ ಜಾಸ್ತಿ ಹೇಳಿದರು. “ನಮಗೇನು ಹಿಮಾಲಯ ಹತ್ತೋದೈತಿ?” ಅಂತ ಬಿಟ್ಟೆ. ಅಣ್ಣಿಗೇರಿ ನೆನಪಾಗಲಿಲ್ಲ.

ಆಡಿಯ ಕ್ಯೂ3, ಮರ್ಸಿಡಿಸ್‌ನ ಜಿಎಲ್‌ಎ ಎರಡನ್ನೂ ನೋಡಿದ್ದೆ. ಕೊನೆಗೆ ತೀರ್ಪು ಕೊಟ್ಟಿದ್ದು ಅವ್ವ. ಅವರಿಗೆ ಎಪ್ಪತ್ತೆಂಟು, ಮೊಣಕಾಲು ನೋವು. ಈ ಗಾಡಿಯ ಸೀಟು ಅವರ ಸೊಂಟದ ಮಟ್ಟಕ್ಕೇ ಇದೆ. ಹತ್ತೋದೂ ಬೇಡ, ಇಳಿಯೋದೂ ಬೇಡ, ಸುಮ್ನೆ ತಿರುಗಿ ಕೂತರೆ ಆಯಿತು. “ಇದು ಕಟ್ಟಿ ಮ್ಯಾಲ ಕುಂತಂಗ ಐತಿ” ಅಂದರು. ಮುಗಿಯಿತು. ಗೆಳೆಯನ ಹಿಂದಿನ ಗಾಲಿಯ ಪುರಾಣ ನಮ್ಮನೆಯಲ್ಲಿ ಯಾರಿಗೆ ಬೇಕು? ಮೂರು ಮಂದಿ ಹಿಂದೆ ಕೂತರೆ ಮಾತ್ರ ನಡುವಿನವರಿಗೆ ಕಷ್ಟ, ನೆಲದಲ್ಲಿ ಉಬ್ಬು ಇದೆ. ಎಕ್ಸ್‌ಡ್ರೈವ್ ಗಾಡಿಯಲ್ಲಿ ಹಿಂದಿನ ಗಾಲಿಗೆ ಹೋಗುವ ಶಾಫ್ಟ್‌ಗೆ ಆ ಜಾಗ ಬೇಕು. ನನ್ನದರಲ್ಲಿ ಶಾಫ್ಟೂ ಇಲ್ಲ, ಉಬ್ಬು ಮಾತ್ರ ಇದೆ.

ಎಂಜಿನ್ ಬಗ್ಗೆ ಹೇಳೋಕೆ ಶುರು ಮಾಡಿದರೆ ನಿಲ್ಲಿಸೋದು ಕಷ್ಟ. 1,995 ಸಿಸಿ ಡೀಸೆಲ್, 190 ಎಚ್‌ಪಿ, 400 ನ್ಯೂಟನ್ ಮೀಟರ್ ಎಳೆತ, ಎಂಟು ಗೇರಿನ ಆಟೋಮ್ಯಾಟಿಕ್. ಆ ಎಳೆತ 1,750 ಆರ್‌ಪಿಎಂಗೇ ಪೂರ್ತಿ ಸಿಗುತ್ತದೆ. ಇದರ ಬೆಲೆ ಗೊತ್ತಾಗೋದು ಎರಡೇ ಲೇನಿನ ರಸ್ತೆಯಲ್ಲಿ. ನಾನು ಗಾಡಿ ತಗೊಂಡಾಗ ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ಹಾಗೇ ಇತ್ತು. ಎದುರಿನಿಂದ ಲಾರಿ, ಮುಂದೆ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ಹಾರ್ನ್ ಬಿಡದ ಬಸ್ಸು. ಅಲ್ಲಿ ಓವರ್‌ಟೇಕ್ ಮಾಡೋಕೆ ಸಿಗೋದು ನಾಲ್ಕೈದು ಸೆಕೆಂಡ್. ಪೆಡಲ್ ಒತ್ತಿದರೆ ಎರಡು ಗೇರ್ ಕೆಳಗೆ ಬಂದು ಗಾಡಿ ಹಾರಿ ಆಚೆ ಸೇರುತ್ತದೆ. ಹಳೆಯ ಗಾಡಿಯಲ್ಲಿ ದೇವರ ಹೆಸರು ಹೇಳಿಕೊಂಡು ಮಾಡುತ್ತಿದ್ದ ಕೆಲಸ ಅದು. ಯಲ್ಲಾಪುರದ ಆಚೆಯ ಅರಬೈಲ್ ಘಾಟ್ ಹತ್ತುವಾಗಲೂ ಇದೇ ಮಾತು. ಇಳಿಯುವಾಗ ಗೇರ್ ಲಿವರನ್ನು ಕೈಯಿಂದ ಹಿಡಿದು ಕೆಳಗಿನ ಗೇರಿಗೆ ತಂದರೆ ಬ್ರೇಕ್ ಬಿಸಿಯಾಗೋದಿಲ್ಲ.

ಎವರೇಜ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಊರೊಳಗೆ 11ರಿಂದ 12. ಹಾವೇರಿ ಕಡೆಯ ಆರು ಲೇನಿನಲ್ಲಿ ನೂರರ ಒಳಗೆ ಹೋದರೆ 17. ಬೆಂಗಳೂರಿಗೆ ಹೋಗಿ ಬಂದರೆ ಸರಾಸರಿ 16. ಇಕೋ ಪ್ರೋ ಮೋಡ್ ಹಾಕಿದರೆ ಇನ್ನೊಂದು ಜಾಸ್ತಿ ಬರುತ್ತದೆ, ಆದರೆ ಅದು ಎಸಿಯ ಕೈಯನ್ನೂ ಕಟ್ಟುತ್ತದೆ. ಏಪ್ರಿಲ್ ಬಿಸಿಲಲ್ಲಿ ಹೊಸೂರು ಸರ್ಕಲ್ಲಿನ ಸಿಗ್ನಲ್ಲಿಗೆ ನಿಂತಾಗ ನಮ್ಮ ಮನೆಯವರು ನನ್ನನ್ನು ನೋಡುವ ರೀತಿ ನೋಡಿ ಕಂಫರ್ಟ್‌ಗೆ ಹಾಕಿಬಿಡುತ್ತೇನೆ.

ಈಗ ಟೈರ್ ವಿಷಯ. ಈ ಗಾಡಿಯ ಜೊತೆ ಬಂದದ್ದು ರನ್‌ಫ್ಲ್ಯಾಟ್ ಟೈರ್. ಗಾಳಿ ಪೂರ್ತಿ ಹೋದರೂ ಗಂಟೆಗೆ 80ರ ಒಳಗೆ ಸುಮಾರು 80 ಕಿಲೋಮೀಟರ್ ಓಡಿಸಬಹುದು, ಯಾಕೆಂದರೆ ಅದರ ಪಕ್ಕೆಯೇ ಗಾಡಿಯ ಭಾರ ಹೊರುವಷ್ಟು ಗಟ್ಟಿ. ಒಮ್ಮೆ ರಾತ್ರಿ ಹತ್ತಕ್ಕೆ ಮೋಟೆಬೆನ್ನೂರು ಹತ್ತಿರ ಮೊಳೆ ಚುಚ್ಚಿತು. ಪರದೆ ಮೇಲೆ ಎಚ್ಚರಿಕೆ ಬಂತು, ನಿಧಾನಕ್ಕೆ ಓಡಿಸಿಕೊಂಡು ಹುಬ್ಬಳ್ಳಿಗೇ ಬಂದುಬಿಟ್ಟೆ. ಕತ್ತಲಲ್ಲಿ ಜ್ಯಾಕ್ ಹುಡುಕೋ ಕೆಲಸ ತಪ್ಪಿತು. ಆದರೆ ಪಕ್ಕೆ ಗಟ್ಟಿ ಅಂದರೆ ಪ್ರತಿ ತಗ್ಗೂ ಸೊಂಟಕ್ಕೆ ವರದಿ ಮಾಡುತ್ತದೆ. ನಮ್ಮ ಊರಿನ ತಗ್ಗುಗಳ ಬಗ್ಗೆ ನಾನು ಹೇಳಬೇಕಾ? ಮಳೆಗಾಲದಲ್ಲಿ ಒಂದು ಟೈರಿನ ಪಕ್ಕೆ ಕುರುವಿನ ಹಾಗೆ ಉಬ್ಬಿತು. ಹೊಸದಕ್ಕೆ 24 ಸಾವಿರ ಹೇಳಿದರು. ಒಂದು ಅಂಗಡಿಯವನು ಹಳೆಯ ಸ್ಟಾಕ್ ಹಾಕೋಕೆ ನೋಡಿದ. ಟೈರಿನ ಮೇಲೆ ಯಾವ ವಾರ, ಯಾವ ವರ್ಷ ಅಂತ ನಾಲ್ಕು ಅಂಕಿ ಇರುತ್ತದೆ, ಅದನ್ನು ನೋಡದೆ ದುಡ್ಡು ಕೊಡಬೇಡಿ. 60 ಸಾವಿರ ಕಿಲೋಮೀಟರಿಗೆ ನಾಲ್ಕನ್ನೂ ತೆಗೆದು ಸಾದಾ ಟ್ಯೂಬ್‌ಲೆಸ್ ಹಾಕಿಸಿದೆ, ಡಿಕ್ಕಿಯಲ್ಲಿ ಗಾಳಿ ಪಂಪು, ಪಂಕ್ಚರ್ ಕಿಟ್ ಇಟ್ಟೆ. ಗಾಡಿ ಬೇರೆಯೇ ಆಯಿತು. ಅವ್ವ ಕೇಳಿದರು: “ರಸ್ತಾ ಮಾಡಿಸ್ಯಾರೇನೋ?”

ಸರ್ವಿಸ್‌ಗೆ ಇಂತಿಷ್ಟು ತಿಂಗಳು ಅಂತ ಲೆಕ್ಕ ಇಡಬೇಕಿಲ್ಲ. ಇನ್ನೂ ಎಷ್ಟು ಕಿಲೋಮೀಟರ್ ಬಾಕಿ ಅಂತ ಗಾಡಿಯೇ ಹೇಳುತ್ತದೆ. ನಾನು ಅದು ಹೇಳುವುದಕ್ಕಿಂತ ಮೊದಲೇ ಆಯಿಲ್ ಬದಲಿಸುತ್ತೇನೆ, ನಮ್ಮ ಧೂಳಿಗೆ ಅದೇ ಸರಿ. ವರ್ಷಕ್ಕೆ ಸರಾಸರಿ 40 ಸಾವಿರ ಖರ್ಚಾಗಿದೆ, ಟೈರ್ ಬಿಟ್ಟು. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಇದನ್ನು ಮೊದಲೇ ಎತ್ತಿಡಬೇಕು. ಗಾಡಿ ಅರ್ಧ ರೇಟಿಗೆ ಸಿಗುತ್ತದೆ, ಬಿಡಿಭಾಗ ಯಾವತ್ತೂ ಪೂರ್ತಿ ರೇಟೇ.

ಕಳೆದ ವರ್ಷ ಒಂದು ದಿನ ಡ್ಯಾಶ್‌ಬೋರ್ಡ್ ತುಂಬ ದೀಪ ಹತ್ತಿಕೊಂಡವು, ದೀಪಾವಳಿ ಬೇಗ ಬಂದ ಹಾಗೆ. ಒಂದು ವರ್ಕ್‌ಶಾಪಿನಲ್ಲಿ ಕಂಪ್ಯೂಟರ್ ಹಚ್ಚಿ ನೋಡಿ, ವೈರಿಂಗ್ ಪೂರಾ ಬದಲಿಸಬೇಕು, 1 ಲಕ್ಷ 40 ಸಾವಿರ ಅಂದರು. ಒಂದು ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಗೋಕುಲ ರೋಡಿನಲ್ಲಿ ಪರಿಚಯದ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವನು ಟಾರ್ಚ್ ಹಿಡಿದು ಕೆಳಗೆ ಮಲಗಿ ಹತ್ತು ನಿಮಿಷ ಹುಡುಕಿದ. “ಇದು ಕಂಪ್ಯೂಟರ್ ರೋಗ ಅಲ್ರಿ ಅಣ್ಣಾರ, ಇಲಿ ರೋಗ.” ಎರಡು ವೈರ್ ಕಡಿದಿತ್ತು. ಬೆಸುಗೆ ಹಾಕಿ 1,200 ರೂಪಾಯಿ ತಗೊಂಡ. ಇವತ್ತಿಗೂ ಸರಿ ಇದೆ. ಗಾಡಿಯಲ್ಲಿ ಮೆಣಸಿನಕಾಯಿ ವಾಸನೆ ಇದ್ದರೂ ಇಲಿ ಬಂದದ್ದು ನನಗೆ ಅವಮಾನ ಅನ್ನಿಸಿತು.

ಹೌದು, ಮೆಣಸಿನಕಾಯಿ ವಾಸನೆ. ಬ್ಯಾಡಗಿಯಿಂದ ಸ್ಯಾಂಪಲ್ ಚೀಲ ಡಿಕ್ಕಿಯಲ್ಲೇ ಬರುತ್ತವೆ. ಡಬ್ಬಿ, ಕಡ್ಡಿ ಎರಡೂ ತಳಿಯವು. ಹಿಂದಿನ ಸೀಟು 40:20:40 ಅಂತ ಮೂರು ತುಂಡಾಗಿ ಮಡಚುತ್ತದೆ, ನಡುವಿನದನ್ನು ಮಡಚಿ ಉದ್ದನೆಯ ಸಾಮಾನು ಹಾಕಬಹುದು. ಆದರೆ ಈ ಡಿಕ್ಕಿಗೂ ಕೂರುವ ಜಾಗಕ್ಕೂ ಗೋಡೆ ಇಲ್ಲ. ಹಾವೇರಿ ದಾಟುವಷ್ಟರಲ್ಲಿ ಎಲ್ಲರೂ ಸೀನೋಕೆ ಶುರು. ವರ್ಷಕ್ಕೆ ಎರಡು ಸಲ ಎಸಿ ಫಿಲ್ಟರ್ ಬದಲಿಸುತ್ತೇನೆ. ಲಕ್ಷುರಿ ಗಾಡಿಯಲ್ಲಿ ಇದೆಂಥ ಕೆಲಸ ಅಂತ ಮಗಳು ಬೈಯುತ್ತಾಳೆ. ಗಾಡಿಯ ಕಂತು ಕಟ್ಟಿದ್ದು ಯಾರು, ಮೆಣಸಿನಕಾಯಿ ಅಲ್ವಾ?

ಹೊಸ ಎಕ್ಸ್‌1 ನಮ್ಮಲ್ಲಿ 2023ರ ಜನವರಿಯಲ್ಲಿ ಬಂತು. ಬೆಂಗಳೂರಿನಲ್ಲಿ ಓಡಿಸಿ ನೋಡಿದೆ. ಒಳಗೆ ದೊಡ್ಡ ಬಾಗಿದ ಪರದೆ, ನೋಡೋಕೆ ಚೆಂದ. ಆದರೆ ನನ್ನ ಗಾಡಿಯಲ್ಲಿ ಕೈಗೆ ಸಿಗುವ ಆ ದುಂಡನೆಯ ತಿರುಗುಬಟನ್ ತೆಗೆದುಹಾಕಿದ್ದಾರೆ, ಎಸಿಯೂ ಪರದೆಯೊಳಗೇ ಹೋಗಿದೆ. ತಗ್ಗಿನ ರಸ್ತೆಯಲ್ಲಿ ಪರದೆ ಮೇಲೆ ಬೆರಳು ಇಟ್ಟು ನೋಡಿ, ಒಂದು ಒತ್ತೋಕೆ ಹೋದರೆ ಇನ್ನೊಂದು. ಡೀಸೆಲ್ ಕೂಡ 150 ಎಚ್‌ಪಿಗೆ ಇಳಿದಿದೆ. ನನ್ನದಕ್ಕಿಂತ 40 ಕಡಿಮೆ. ಬದಲಿಸುವ ಆಸೆ ಅಲ್ಲೇ ಅರ್ಧ ಹೋಯಿತು.

2025ರ ಜನವರಿಯಲ್ಲಿ ಬಂದ ಐಎಕ್ಸ್‌1 ಉದ್ದನೆಯ ಎಲೆಕ್ಟ್ರಿಕ್ ಗಾಡಿ ಮಾತ್ರ ಕಾಡುತ್ತಿದೆ. ಅದರ ಗಾಲಿಗಳ ನಡುವಿನ ಅಂತರ 2,800 ಮಿಲಿಮೀಟರ್. ಗೆಳೆಯನ ಹಳೆಯ ಎಕ್ಸ್‌1ಗಿಂತ 40 ಜಾಸ್ತಿ, ಮೊಣಕಾಲಿನ ಮುಂದೆ ನುಂಗೋಕೆ ಎಂಜಿನ್ನೂ ಇಲ್ಲ. ಅವ್ವ ಕಾಲು ಚಾಚಿಯೇ ಕೂರಬಹುದು. ಗೆಳೆಯನಿಗೆ ಇದನ್ನು ಹೇಳಿದೆ. “ಶಕ್ತಿ ಯಾವ ಗಾಲಿಗೆ?” ಅಂತ ಕೇಳಿದ. ಮುಂದಿನದಕ್ಕೇ ಅಂದೆ. ಫೋನ್ ಇಟ್ಟ.

ಮತ್ತೆ ಹೊಲಕ್ಕೆ ಬರುತ್ತೇನೆ. ಟ್ರ್ಯಾಕ್ಟರ್ ಹುಡುಗನಿಗೆ ಹಗ್ಗ ಎಲ್ಲಿ ಕಟ್ಟಬೇಕು ಅಂತ ಗೊತ್ತಾಗಲಿಲ್ಲ. ನನಗೂ ಗೊತ್ತಿರಲಿಲ್ಲ. ಪುಸ್ತಕ ತೆಗೆದು ನೋಡಿದರೆ, ಬಂಪರಿನಲ್ಲಿ ಒಂದು ಸಣ್ಣ ಮುಚ್ಚಳ ಇದೆ, ಡಿಕ್ಕಿಯ ಟೂಲ್ ಕಿಟ್ಟಿನಲ್ಲಿರುವ ಕೊಂಡಿಯನ್ನು ಅಲ್ಲಿ ತಿರುಪಿ ಕೂರಿಸಬೇಕು. ಈ ಗಾಡಿ ಇರುವವರು ಇವತ್ತೇ ಹೋಗಿ ಆ ಕೊಂಡಿ ಎಲ್ಲಿದೆ ನೋಡಿಕೊಳ್ಳಿ. ಅದನ್ನು ತೆಗೆಯೋಕೆ ಬುತ್ತಿಯ ಗಂಟೆಲ್ಲ ಕೆಳಗೆ ಇಳಿಸಬೇಕಾಯಿತು. ಒಂದೂವರೆ ಟನ್ನಿಗೂ ಜಾಸ್ತಿ ತೂಕದ ಗಾಡಿ, ಎರಡು ನಿಮಿಷದಲ್ಲಿ ಹೊರಗೆ ಬಂತು. ಹುಡುಗ ದುಡ್ಡು ಮುಟ್ಟಲಿಲ್ಲ, ಎರಡು ಕಡುಬು ತಗೊಂಡ.

ಈಗ ಪ್ರತಿ ಸೀಗಿ ಹುಣ್ಣಿಮೆಗೆ ಎಕ್ಸ್‌1 ಡಾಂಬರು ರಸ್ತೆಯ ಬದಿಯ ಬೇವಿನ ಮರದ ಕೆಳಗೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಅವ್ವ ಅದೇ ಹುಡುಗನ ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಗೋಣಿಚೀಲದ ಮೇಲೆ ಕೂತು ಹೋಗುತ್ತಾರೆ. ಹತ್ತಿಸೋಕೆ ಮಾತ್ರ ಇಬ್ಬರು ಬೇಕು.