ಏಳು ಚೀಲ, ಎರಡು ಕೈ: ನಾಲ್ಕು ಮಳೆಗಾಲ ನಾಲ್ಕು ಥರ ಹೆಣೆದು ನೋಡಿದ್ದು

ನಮ್ಮ ಶಿರಸಿ ಕಡೆ ಸ್ವೆಟರ್ ಹಾಕೋರಿಗೆ ಒಂದು ವಿಚಿತ್ರ ಕಷ್ಟ ಇದೆ. ಚಳಿ ಬೀಳೋದು ಡಿಸೆಂಬರ್ ಜನವರಿಲಿ, ಅದೇ ಹೊತ್ತಿಗೆ ಅಡಿಕೆ ಕೊಯ್ಲು, ರಾತ್ರಿ ಹನ್ನೊಂದರ ತನಕ ಮೆಟ್ಟುಗತ್ತಿ ಮುಂದೆ ಕೂತು ಸುಲಿಯೋದು, ಬೆಳಿಗ್ಗೆ ಬೇಯಿಸೋದು, ಬೆರಳೆಲ್ಲ ಚೊಗರು ಹಿಡಿದು ಕಪ್ಪಾಗಿರ್ತದೆ, ಆ ಕೈಲಿ ತಿಳಿ ಬಣ್ಣದ ಉಲ್ಲನ್ ಮುಟ್ಟೋ ಹಾಗೇ ಇಲ್ಲ. ಅಂದ್ರೆ ಚಳಿಗೆ ಬೇಕಾದ್ದೆಲ್ಲ ಮಳೆಗಾಲದಲ್ಲೇ ಆಗ್ಬೇಕು. ಆರಿದ್ರಾ ಮಳೆಗೆ ಶುರು ಮಾಡಿ ದೀಪಾವಳಿ ಒಳಗೆ ಮುಗಿಸ್ಬೇಕು. ಮನೇಲಿ ಮಾವ, ಅತ್ತೆ, ಯಜಮಾನ್ರು, ಬೆಂಗಳೂರು ಹಾಸ್ಟೆಲಲ್ಲಿರೋ ಮಗ, ಕಾರವಾರದಲ್ಲಿ ತಂಗಿ, ತವರಲ್ಲಿ ಆಯಿ, ಎಲ್ಲರಿಗೂ ಏನಾದ್ರೂ ಒಂದು ಹಾಕಿಕೊಡ್ಬೇಕು ಅಂತ ಆಸೆ, ಜೊತೆಗೆ ನಂಗೂ ಒಂದು.

ಇಷ್ಟನ್ನ ಹೇಗೆ ಸಂಭಾಳಿಸೋದು ಅಂತ ನಾಲ್ಕು ವರ್ಷ ನಾಲ್ಕು ಥರ ಮಾಡಿ ನೋಡಿದೆ. ಹೆಣಿಗೆ ಕಲಿಸೋರು ಬೇಕಾದಷ್ಟು ಜನ ಇದ್ದಾರೆ, ಆದ್ರೆ ಒಟ್ಟೊಟ್ಟಿಗೆ ನಾಲ್ಕೈದು ಕೈಗೆತ್ತಿಕೊಂಡಾಗ ಎಂತಾ ಆಗ್ತದೆ ಅಂತ ಯಾರೂ ಹೇಳಿಕೊಟ್ಟಿರ್ಲಿಲ್ಲ.

ಮೊದಲನೇ ವರ್ಷ ಆಯಿ ಪದ್ಧತಿ, ಒಂದು ಮುಗಿಸದೆ ಇನ್ನೊಂದು ಮುಟ್ಟೋದಿಲ್ಲ. ಮಗನ ಸ್ವೆಟರ್ ಹಿಡಿದೆ, ಎದುರಿಗೆ ಜಡೆ ಜಡೆ ಡಿಸೈನ್ ಇರೋದು, ಅರ್ಧ ಕೆಜಿ ನೂಲು. ಹೆಣಿಗೆ ಮಾತ್ರ ನಾನು ಇವತ್ತಿನ ತನಕ ಹಾಕಿದ್ದರಲ್ಲೇ ಚೆಂದದ್ದು ಅದು, ಕೆಳಗಿನ ಬಾರ್ಡರಿಂದ ಕುತ್ತಿಗೆ ತನಕ ಒಂದೇ ಸಮ, ಯಾಕಂದ್ರೆ ಕೈ ಅದೇ, ಕಡ್ಡಿ ಅದೇ, ಡಿಸೈನ್ ತಲೇಲಿ ಕೂತುಬಿಟ್ಟಿರ್ತದೆ, ಚೀಟಿ ನೋಡೋ ಅಗತ್ಯನೇ ಬೀಳೋದಿಲ್ಲ. ಆದ್ರೆ ಮುಗಿಯೋಷ್ಟರಲ್ಲಿ ನವರಾತ್ರಿ ಬಂತು. ಮಾವನ ಮಫ್ಲರ್ ಆಗ್ಲೇ ಇಲ್ಲ. ಆ ಚಳಿಗಾಲ ಪೂರ್ತಿ ಅವರು ಬೆಳಿಗ್ಗೆ ತೋಟಕ್ಕೆ ಹೋಗುವಾಗ ಕಿವಿಗೆ ಪಂಜಿ ಸುತ್ತಿಕೊಂಡು ಹೋಗ್ತಿದ್ರು, ಅದನ್ನ ಅಡುಗೆಮನೆ ಕಿಟಕಿಯಿಂದ ನೋಡುವಾಗೆಲ್ಲ ಹೊಟ್ಟೇಲಿ ಏನೋ ಆಗ್ತಿತ್ತು. ಇನ್ನೊಂದು ತೊಂದ್ರೆ ಕರೆಂಟಿನದು. ಮಗನಿಗೆ ಇಷ್ಟ ಅಂತ ಕಡು ನೀಲಿ ತಗೊಂಡಿದ್ದೆ, ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗ್ತದೆ, ಇನ್ವರ್ಟರ್ ಲೈಟಲ್ಲಿ ಕಡು ನೀಲಿ ಮೇಲೆ ಜಡೆ ತಿರುಗಿಸೋದು ಸಾಧ್ಯನೇ ಇಲ್ಲ. ಕೈಯಲ್ಲಿ ಬೇರೆ ಕೆಲಸ ಇರ್ಲಿಲ್ಲವಲ್ಲ, ಆ ಹೊತ್ತೆಲ್ಲ ಸುಮ್ನೆ ಹೋಯ್ತು.

ಎರಡನೇ ವರ್ಷ ಪೂರ್ತಿ ಉಲ್ಟಾ ಮಾಡಿದೆ. ಎಲ್ಲವನ್ನೂ ಒಟ್ಟಿಗೆ ಶುರು ಮಾಡಿ ಒಂದೊಂದಕ್ಕೆ ಒಂದೊಂದು ಬಟ್ಟೆ ಚೀಲ, ಏಳು ಚೀಲ ಸಾಲಾಗಿ ಗೋಡೆ ಮೊಳೆಗೆ. ಮೊದಲ ಹದಿನೈದು ದಿನ ಎಷ್ಟು ಖುಷಿ ಅಂದ್ರೆ ಹೇಳೋಕಾಗೋದಿಲ್ಲ, ಕೂತಾಗ ಮನಸ್ಸಿಗೆ ಬಂದದ್ದನ್ನ ತೆಗೆದು ನಾಲ್ಕು ಸಾಲು ಹಾಕೋದು, ಬೇಜಾರು ಅನ್ನೋದೇ ಇಲ್ಲ. ಆಮೇಲೆ ಒಂದೊಂದಾಗಿ ಶುರುವಾಯ್ತು.

ಮೊದಲನೇದು ಕಡ್ಡಿ ಸಾಲದೆ ಹೋಯ್ತು. ನನ್ನ ಹತ್ರ 8 ನಂಬರ್ ಅಂದ್ರೆ 4 ಎಂಎಂ ಕಡ್ಡಿ ಎರಡೇ ಜೊತೆ, ಒಂದು ಅಲ್ಯೂಮಿನಿಯಂದು ಇನ್ನೊಂದು ಬಿದಿರಿನದು, ಏಳರಲ್ಲಿ ನಾಲ್ಕಕ್ಕೆ ಅದೇ ಸೈಜು ಬೇಕು. ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕ್ತಾ ಹೋದೆ. ಮಾವನ ಹಾಫ್ ಸ್ವೆಟರಿನ ಬೆನ್ನು ಅಲ್ಯೂಮಿನಿಯಂ ಕಡ್ಡೀಲಿ ಶುರು ಮಾಡಿ ಅರ್ಧಕ್ಕೆ ಬಿಟ್ಟಿದ್ದೆ, ಎರಡು ತಿಂಗಳ ಮೇಲೆ ಬಿದಿರಿನದರಲ್ಲಿ ಮುಂದುವರಿಸಿದೆ. ಹಾಕ್ತಾ ಇದ್ದಾಗ ಎಂತಾ ಗೊತ್ತಾಗ್ಲಿಲ್ಲ. ಮುಗಿಸಿ ಮಂಚದ ಮೇಲೆ ಹಾಸಿ ಕಿಟಕಿ ಬೆಳಕಲ್ಲಿ ನೋಡಿದ್ರೆ ನಟ್ಟ ನಡುವೆ ಅಡ್ಡಕ್ಕೆ ಒಂದು ಗೆರೆ, ಕೆಳಗೆ ಬಿಗಿ ಮೇಲೆ ಸಡಿಲ, ಟೇಪು ಇಟ್ಟು ಎಣಿಸಿದ್ರೆ ಕೆಳಗೆ 10 ಸೆಂಟಿಮೀಟರಿಗೆ 22 ಸ್ಟಿಚ್, ಮೇಲೆ 20. ಬೇರೆ ಯಾರೋ ಬಂದು ಮುಗಿಸಿಕೊಟ್ಟ ಹಾಗೆ. ಎರಡು ಸ್ಟಿಚ್ ಎಂತಾ ಮಹಾ ಅಂದ್ಕೋಬೇಡಿ, ನೂರು ಸ್ಟಿಚ್ ಅಗಲದ ಬೆನ್ನಿಗೆ ಅದು ನಾಲ್ಕೂವರೆ ಸೆಂಟಿಮೀಟರ್ ವ್ಯತ್ಯಾಸ. ಬಿದಿರಿಗೂ ಲೋಹಕ್ಕೂ ನೂಲು ಜಾರೋದು ಬೇರೆ ಥರ, ಅದ್ರ ಮೇಲೆ ಎರಡು ತಿಂಗಳ ಗ್ಯಾಪಲ್ಲಿ ಕೈ ಬಿಗಿನೂ ಬದಲಾಗಿರ್ತದೆ. ಎರಡೂ ಸೇರಿಕೊಂಡ್ರೆ ಹಾಗೇ ಆಗೋದು. ಮೇಲಿನ ಅರ್ಧ ಬಿಚ್ಚಿ ಮತ್ತೆ ಹಾಕಿದೆ.

ಆಮೇಲೆ ನೂಲಿನ ಲಾಟ್. ಅತ್ತೆಯ ಶಾಲಿಗೆ ಶುರುವಿಗೆ ಬೇಕಾದಷ್ಟು ಮಾತ್ರ ತಂದಿದ್ದೆ, ಏಳಕ್ಕೂ ಒಂದೇ ಸಲ ಪೂರ್ತಿ ನೂಲು ತರೋಷ್ಟು ದುಡ್ಡು ಎಲ್ಲಿಂದ? ಎರಡು ತಿಂಗಳು ಬಿಟ್ಟು ಅದೇ ಕಂಪನಿ ಅದೇ ಶೇಡ್ ನಂಬರ್ ತಂದೆ, ಲಾಟ್ ನಂಬರ್ ಬೇರೆ. ಅಂಗಡಿ ಟ್ಯೂಬ್‌ಲೈಟಲ್ಲಿ ಒಂದೇ ಕಂಡಿತ್ತು, ಮನೆ ಜಗಲೀಲಿ ನೋಡಿದ್ರೆ ಒಂದು ಹಲಸಿನ ತೊಳೆ ಬಣ್ಣ, ಇನ್ನೊಂದು ಅದಕ್ಕಿಂತ ಒಂಚೂರು ಕೆಂಪು. ಒಂದು ಸಲಕ್ಕೆ ಬಣ್ಣ ಅದ್ದಿದ ನೂಲೆಲ್ಲ ಒಂದು ಲಾಟ್, ಎಷ್ಟೇ ಜಾಗ್ರತೆ ಮಾಡಿದ್ರೂ ಕೂದಲೆಳೆ ವ್ಯತ್ಯಾಸ ಉಳೀತದೆ. ಎರಡು ಸಾಲು ಹಳೇದು ಎರಡು ಸಾಲು ಹೊಸದು ಅಂತ ಬೆರೆಸಿ ಹಾಕಿ ಮರೆಸಿದೆ, ಅದೂ ಒಂದು ಉಪಾಯ, ಆದ್ರೆ ಬದಿಯಲ್ಲಿ ದಾರ ಎಳೆದುಕೊಂಡು ಹೋಗೋ ರಗಳೆ.

ಮೂರನೇದು ಬೂಸ್ಟು. ಅತ್ತಿಗೆ ಮನಾಲಿಗೆ ಹೋದಾಗ ತಂದುಕೊಟ್ಟ ಅಪ್ಪಟ ಉಣ್ಣೆ, ಯಜಮಾನ್ರಿಗೆ ಅಂತ ಶುರು ಮಾಡಿದ್ದು, ಚೀಲದೊಳಗೆ ಪ್ಲಾಸ್ಟಿಕ್ ಕವರಲ್ಲೇ ಇತ್ತು. ಆರು ಚೀಲದ ಗಲಾಟೇಲಿ ಏಳನೇದನ್ನ ತಿಂಗಳುಗಟ್ಟಲೆ ತೆಗೆದೇ ಇಲ್ಲ. ಮಘಾ ಮಳೇಲಿ ತೆಗೆದ್ರೆ ಮುಗ್ಗು ವಾಸನೆ, ಅಲ್ಲಲ್ಲಿ ಬಿಳಿ ಚುಕ್ಕೆ. ಉಣ್ಣೆ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವ ಹೀರಿಕೊಂಡ್ರೂ ಕೈಗೆ ಒದ್ದೆ ಅನಿಸೋದಿಲ್ಲ, ಮುಟ್ಟಿ ನೋಡಿ ಒಣಗಿದೆ ಅಂದ್ಕೊಂಡು ನಾನೇ ಕಟ್ಟಿಟ್ಟಿದ್ದೆ. ಅಕ್ರಿಲಿಕ್ ಹಾಗಲ್ಲ, ಅದು ನೀರು ಕುಡಿಯೋದೇ ಕಮ್ಮಿ, ಹುಳ ಕೂಡ ತಿನ್ನೋದಿಲ್ಲ. ನಮ್ಮ ಮಳೆಗಾಲದಲ್ಲಿ ಅರ್ಧಕ್ಕೆ ಬಿಟ್ಟಿಡೋ ಕೆಲಸ ಅಂತಾದ್ರೆ ಅಕ್ರಿಲಿಕ್ಕೇ ಸೈ. ಉಣ್ಣೆ ಹಾಕೋದಾದ್ರೆ ಅದನ್ನ ಕೈ ಬಿಡದೆ ಮುಗಿಸಿಬಿಡ್ಬೇಕು, ಮೊಳೆಗೆ ನೇತುಹಾಕೋದಕ್ಕೆ ಅದಲ್ಲ.

ಇದೇ ವರ್ಷ ನಂಬರಿನ ಎಡವಟ್ಟೂ ಆಯ್ತು, ಅವಸರಕ್ಕೆ. ಯೂಟ್ಯೂಬಲ್ಲಿ ಅಮೆರಿಕದವರೊಬ್ಬರ ಸ್ವೆಟರ್ ನೋಡಿ ನಂಗೆ ಅಂತ ಶುರು ಮಾಡಿದ್ದೆ, 8 ನಂಬರ್ ಕಡ್ಡಿ, ಹಿಂದೆ ಮುಂದೆ ತಲಾ 90 ಸ್ಟಿಚ್ ಅಂದಿದ್ರು. ಅವರ 8 ಅಂದ್ರೆ 5 ಎಂಎಂ, ನಮ್ಮ ಅಂಗಡೀಲಿ ಸಿಗೋದು ಹಳೇ ಇಂಗ್ಲೆಂಡ್ ಲೆಕ್ಕ, 8 ಅಂದ್ರೆ 4 ಎಂಎಂ. ಅವರಲ್ಲಿ ನಂಬರ್ ಏರಿದ ಹಾಗೆ ಕಡ್ಡಿ ದಪ್ಪ, ನಮ್ಮಲ್ಲಿ ನಂಬರ್ ಏರಿದ ಹಾಗೆ ಸಪೂರ. ಅವರ ನೂಲೂ ನಮ್ಮದಕ್ಕಿಂತ ದಪ್ಪ. ಎದೆ ಸುತ್ತ 39 ಇಂಚು ಬರ್ಬೇಕಾದದ್ದು 32ಕ್ಕೆ ನಿಂತಿತು. ಒಂದೇ ಕೆಲಸ ಕೈಲಿದ್ದಿದ್ರೆ ಮೊದಲು ಅಂಗೈ ಅಗಲದ ಸ್ಯಾಂಪಲ್ ಹಾಕಿ ಅಳೀತಿದ್ದೆ, ಏಳು ಇದ್ದಾಗ ಅಷ್ಟು ತಾಳ್ಮೆ ಎಲ್ಲಿ ಉಳೀತದೆ? ದಯವಿಟ್ಟು ನಂಬರ್ ನೋಡ್ಬೇಡಿ, ಎಂಎಂ ನೋಡಿ.

ಏಳರಲ್ಲಿ ದೀಪಾವಳಿಗೆ ಮುಗಿದದ್ದು ಮೂರು. ಮೊದಲ ವರ್ಷ ಒಂದೇ ಆಗಿತ್ತು, ಹಾಗಾಗಿ ಲೆಕ್ಕದಲ್ಲಿ ಇದೇ ಮೇಲು. ಆದ್ರೆ ನಂದು ಮಾತ್ರ ಆ ಮೂರರಲ್ಲಿ ಇರ್ಲಿಲ್ಲ. ಆಯಿ ಫೋನಲ್ಲಿ "ಕೂಸೇ, ಎಲ್ಲರಿಗೂ ಹಾಕ್ದೆ, ನಿಂಗೆ ಎಂತ ಇದ್ದು?" ಅಂತ ಕೇಳಿದಾಗ ಉತ್ತರ ಬರ್ಲಿಲ್ಲ ನಂಗೆ.

ಮೂರನೇ ವರ್ಷ ವಾರ ಹಂಚಿದೆ. ಸೋಮವಾರ ಮಾವಂದು, ಮಂಗಳವಾರ ಅತ್ತೇದು, ಹೀಗೆ, ಭಾನುವಾರ ನಂದು. ಇದ್ರ ಬಗ್ಗೆ ಜಾಸ್ತಿ ಹೇಳೋದಿಲ್ಲ, ತೋಟದ ಮನೇಲಿ ಇದು ನಡೆಯೋದಿಲ್ಲ. ಭಾನುವಾರ ಅಂದ್ರೆ ನೆಂಟರು, ಶ್ರಾದ್ಧ, ತಿಥಿ, ಯಾರದೋ ಮನೆ ವಿಶೇಷ. ನನ್ನ ದಿನವೇ ಪ್ರತೀ ಸಲ ಹಾರಿಹೋಗ್ತಿತ್ತು. ಆಫೀಸಿಗೆ ಹೋಗೋರಿಗೆ, ಟೈಮ್ ಸರಿಯಾಗಿ ಸಿಗೋರಿಗೆ ಆಗಬಹುದೇನೋ. ಒಂದು ಒಳ್ಳೇದಾಯ್ತು, ವಾರಕ್ಕೊಮ್ಮೆ ಪ್ರತೀ ಚೀಲನೂ ಬಿಚ್ಚಿದ್ದರಿಂದ ಬೂಸ್ಟು ಬರ್ಲಿಲ್ಲ.

ಆ ವರ್ಷನೇ ತಂಗಿ ಬಸುರಿ. ಕಾರವಾರಕ್ಕೆ ಹೋಗಿ ಬರೋದು ಜಾಸ್ತಿ ಆಯ್ತು, ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಮುಂದೆ. ಬಸ್ಸಲ್ಲಿ ಹೆಣೆಯೋಕೆ ಉದ್ದ ಕಡ್ಡಿ ಒಗ್ಗೋದಿಲ್ಲ, ಪಕ್ಕದೋರಿಗೆ ಮೊಣಕೈ ತಾಗ್ತದೆ, ಸ್ಟಿಚ್ ಜಾರ್ತದೆ. ವೈರ್ ಇರೋ ಸರ್ಕ್ಯುಲರ್ ಕಡ್ಡಿ ತಗೊಂಡೆ, 80 ಸೆಂಟಿಮೀಟರಿಂದು, ಎಲ್ಲ ಭಾರ ತೊಡೆ ಮೇಲೆ ಕೂರ್ತದೆ, ನಿಲ್ಲಿಸ್ಬೇಕಾದಾಗ ಸ್ಟಿಚ್ಚನ್ನೆಲ್ಲ ವೈರಿಗೆ ತಳ್ಳಿ ಚೀಲಕ್ಕೆ ಹಾಕಿದ್ರೆ ಆಯ್ತು. ಹಲವು ಕೆಲಸ ಒಟ್ಟಿಗೆ ಮಾಡೋರು ಉದ್ದ ಕಡ್ಡಿ ಬಿಟ್ಟು ಇದಕ್ಕೆ ಬಂದುಬಿಡಿ, ಇದ್ರಲ್ಲಿ ನಂಗೆ ಯಾವ ಅನುಮಾನನೂ ಇಲ್ಲ. ಎರಡು ತೋಳನ್ನ ಎರಡು ಉಂಡೆ ಇಟ್ಟು ಒಂದೇ ಕಡ್ಡೀಲಿ ಅಕ್ಕಪಕ್ಕ ಹಾಕಬಹುದು, ಒಂದು ತೋಳು ಗಿಡ್ಡ ಒಂದು ಉದ್ದ ಅನ್ನೋ ಮಾತೇ ಇಲ್ಲ. ಹಾಂ, ಘಟ್ಟದ ತಿರುವಲ್ಲಿ ಕೆಳಗೆ ನೋಡಿ ಹೆಣೆದ್ರೆ ತಲೆ ತಿರುಗ್ತದೆ, ಅಲ್ಲಿ ಕೈಗೆ ತಾನೇ ಬರೋ ಸಾದಾ ಸಾಲು ಮಾತ್ರ.

ಪಾಪುಗೆ ಅಂತ ಶಿರಸಿ ಲೆಕ್ಕದಲ್ಲಿ ದಪ್ಪ ಉಲ್ಲನ್ ಸೆಟ್ ಶುರು ಮಾಡಿದ್ದೆ, ತಂಗಿ "ಅಕ್ಕಾ, ಇಲ್ಲಿ ಜನವರೀಲೂ ಫ್ಯಾನ್ ಹಾಕ್ತೇವಲೇ" ಅಂದ್ಲು. ಸಮುದ್ರದ ಬದಿಗೆ ಕಾಟನ್ನೇ ಸರಿ. ಕಾಟನ್ ನೂಲು ಎಳೆದ್ರೆ ಹಿಗ್ಗೋದಿಲ್ಲ, ಕೈಗೆ ನೋವು, ಆದ್ರೆ ಬೆವರು ಹೀರ್ತದೆ, ದಿನಾ ಒಗೀಬಹುದು. ಅವಳ ಪಕ್ಕದ ಮನೇಲಿ ಬಾಡಿಗೆಗಿದ್ದ ಹಿಮಾಚಲದ ಆಂಟಿ, ಯಜಮಾನ್ರು ನೇವೀಲಿ, ಕನ್ನಡ ಬರೋದಿಲ್ಲ ನಂಗೆ ಹಿಂದಿ ಅಷ್ಟಕ್ಕಷ್ಟೇ, ಆದ್ರೆ ಕಡ್ಡಿ ಹಿಡಿದು ಕೂತ್ರೆ ಇಬ್ಬರಿಗೂ ಎಲ್ಲ ಅರ್ಥ ಆಗ್ತಿತ್ತು. ಕೆಲಸ ಬಿಟ್ಟಿಡೋ ಮುಂಚೆ ದಬ್ಬಣಕ್ಕೆ ಬೇರೆ ಬಣ್ಣದ ತೆಳು ದಾರ ಪೋಣಿಸಿ ಆ ಸಾಲಿನ ಎಲ್ಲ ಸ್ಟಿಚ್ಚಿನೊಳಗೆ ಹಾಯಿಸಿಬಿಡೋದು ಅವರೇ ತೋರಿಸಿದ್ದು. ಕಡ್ಡಿ ಜಾರಿದ್ರೂ, ಮುಂದೆ ತಪ್ಪಾಗಿ ಬಿಚ್ಚಿದ್ರೂ ಆ ದಾರದ ಹತ್ರ ಬಂದು ನಿಲ್ತದೆ. ಕಡ್ಡಿ ತೆಗೆದು ಬೇರೆ ಕೆಲಸಕ್ಕೂ ಕೊಡಬಹುದು, ಆದ್ರೆ ವಾಪಸ್ ಅದೇ ಕಡ್ಡಿಗೇ ಹಾಕ್ಬೇಕು, ಇದು ನನ್ನ ಸೇರಿಕೆ.

ಎಲ್ಲಿಗೆ ನಿಲ್ಲಿಸಿದ್ದೆ ಅಂತ ನೆನಪಿಟ್ಕೊಳ್ಳೋದಕ್ಕೂ ಮೂರು ಥರ ಮಾಡಿದೆ. ಸಾಲು ಎಣಿಸೋಕೆ ಕಡ್ಡಿಗೆ ಸಿಕ್ಕಿಸೋ ಪುಟ್ಟ ಕೌಂಟರನ್ನ ಮಾವ ಕೈಲಿ ಹಿಡಿದು ತಿರುಗಿಸಿ ನೋಡಿದ್ರೆ ಮುಗೀತು. ಮೊಬೈಲಲ್ಲಿ ಬರೆದಿಟ್ರೆ ಅದು ಫೋಟೋ ಮೆಸೇಜಿನ ರಾಶೀಲಿ ಕಳೆದುಹೋಗ್ತದೆ. ರಟ್ಟಿನ ಚೀಟೀಲಿ ಪೆನ್ಸಿಲಲ್ಲಿ ಬರೆದು ಚೀಲದೊಳಗೆ ಸೇಫ್ಟಿ ಪಿನ್ ಹಾಕಿಡೋದು, ಇದೇ ಉಳಿದದ್ದು. ಪೆನ್ನು ಬೇಡ, ನಮ್ಮ ತೇವಕ್ಕೆ ಶಾಯಿ ಹರಡ್ತದೆ. ಕಡ್ಡಿ ಎಷ್ಟು ಎಂಎಂ, ಲೋಹದ್ದೋ ಬಿದಿರಿನದೋ, ಲಾಟ್ ನಂಬರ್, ಎಷ್ಟನೇ ಸಾಲು, ಮುಂದಿನ ಸಾಲು ಸೀದಾನೋ ಉಲ್ಟಾನೋ, ಇಷ್ಟೇ ಬರೆಯೋದು.

ನಾಲ್ಕನೇದು ಈ ವರ್ಷದ್ದು. ಮೂರೇ ಚೀಲ, ನಾಲ್ಕನೇದು ಬೇಕಂದ್ರೆ ಒಂದು ಮುಗೀಬೇಕು. ಯಾರದು ಅಂತ ಹಂಚದೆ ಎಂಥ ಕೆಲಸ ಅಂತ ಹಂಚಿದ್ದೇನೆ. ಒಂದು ತಲೆ ಕೊಟ್ಟು ಮಾಡೋದು, ಹಗಲು ಬೆಳಕಿಗೆ, ಈಗ ಯಜಮಾನ್ರ ಜಡೆ ಡಿಸೈನ್ ಸ್ವೆಟರ್. ಇನ್ನೊಂದು ಕರೆಂಟ್ ಹೋದಾಗ, ಬಸ್ಸಲ್ಲಿ, ನೆಂಟರ ಜೊತೆ ಮಾತಾಡುವಾಗ ಹಾಕೋದು, ತಿಳಿ ಬಣ್ಣ, ಸಾದಾ ಸಾಲು, ಮಾವನ ಮಫ್ಲರ್ ಅದರಲ್ಲೇ ಇಪ್ಪತ್ತು ದಿನಕ್ಕೆ ಮುಗೀತು, ಅತ್ತೆಯ ಮಂಡಿಚೀಲ ಒಂದು ವಾರಕ್ಕೆ. ಮೂರನೇ ಚೀಲ ನಂದು, ಅದನ್ನ ಬೇರೆಯವರ ಕೆಲಸಕ್ಕೆ ಖಾಲಿ ಮಾಡೋ ಹಾಗಿಲ್ಲ, ಅದರ ಕಡ್ಡೀನೂ ಯಾರಿಗೂ ಕೊಡೋ ಹಾಗಿಲ್ಲ. ಯಾವಾಗ ಕೂತ್ರೂ ಆ ಹೊತ್ತಿಗೆ ಸರಿಯಾದ್ದು ಒಂದು ಕೈಗೆ ಸಿಗ್ತದೆ, ಯಾವುದೂ ಎರಡು ವಾರಕ್ಕಿಂತ ಜಾಸ್ತಿ ಬಿದ್ದಿರೋದಿಲ್ಲ, ಕೈ ಬಿಗಿನೂ ಬದಲಾಗೋದಿಲ್ಲ. ಜಡೆ ಸ್ವೆಟರ್ ಮೊದಲ ವರ್ಷದಷ್ಟು ಬೇಗ ಸಾಗ್ತಾ ಇಲ್ಲ, ಅದು ನಿಜ. ಮದುವೆಗೋ ಹುಟ್ಟುಹಬ್ಬಕ್ಕೋ ತಾರೀಕು ಇಟ್ಕೊಂಡು ಒಂದೇ ಒಂದು ಚೆಂದದ್ದು ಬೇಕು ಅಂದ್ರೆ ಈಗ್ಲೂ ಆಯಿ ಪದ್ಧತಿಯೇ ಮೇಲು ಅಂತೇನೆ.

ನಂದು ಬೂದು ಬಣ್ಣದ ಕಾರ್ಡಿಗನ್, ಎದುರು ಬಟನ್ ಪಟ್ಟಿ, ಎರಡೂ ತೋಳು ಒಂದೇ ಕಡ್ಡೀಲಿ. ಚೌತಿ ಚಕ್ಕುಲಿ ಸುತ್ತೋ ಕೆಲಸ ಶುರುವಾಗೋ ಮೊದಲು ಕಂಕುಳ ತನಕ ಬರ್ಬೇಕು ಅಂತ ಆಸೆ. ನಿನ್ನೆ ರಾತ್ರಿ ಚೀಟೀಲಿ ಬರೆದದ್ದು: 64ನೇ ಸಾಲು ಆಯ್ತು, ಮುಂದೆ ಸೀದಾ.