ಹುಳ ಯಾವುದೆಂದು ನೋಡದೆ ಎಣ್ಣೆ ಹೊಡೆದೆ: ನಮ್ಮ ಹಿತ್ತಲಿಗಾದ ಗತಿ

ದಾವಣಗೆರೆಯಲ್ಲಿ ಹಿತ್ತಲಿನಲ್ಲೋ ತಾರಸಿಯ ಮೇಲೋ ನಾಲ್ಕು ತರಕಾರಿ ಗಿಡ ಬೆಳೆಸುತ್ತಿರುವವರು ನಾನು ಕಳೆದ ಮಳೆಗಾಲದಲ್ಲಿ ಮಾಡಿಕೊಂಡ ಎಡವಟ್ಟನ್ನು ಮಾಡಿಕೊಳ್ಳದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆ ವಿದ್ಯಾನಗರದ ಕಡೆ ಇದೆ. ಹಿತ್ತಲಿನಲ್ಲಿ ಹನ್ನೆರಡು ಮೆಣಸಿನ ಗಿಡ, ಒಂದು ದಾಸವಾಳ, ಒಂದು ಕರಿಬೇವು ಮತ್ತು ಗೋಡೆಗೆ ಹಬ್ಬಿಸಿದ ಹೀರೆ ಬಳ್ಳಿ ಇದ್ದವು. ಆಗಸ್ಟ್ ಮೊದಲ ವಾರದಲ್ಲಿ ಮೆಣಸಿನ ಗಿಡಗಳ ಕುಡಿ ಎಲೆಗಳು ಮುಟುರಿಕೊಳ್ಳತೊಡಗಿದವು. ಎಲೆಯ ಅಡಿಭಾಗವನ್ನು ತಿರುಗಿಸಿ ನೋಡುವ ವ್ಯವಧಾನವೂ ಇಲ್ಲದೆ ನಾನು ಎರಡು ಎಲೆ ಕಿತ್ತು ಜೇಬಿಗೆ ಹಾಕಿಕೊಂಡು ಪೇಟೆಯ ಔಷಧಿ ಅಂಗಡಿಗೆ ಹೋದೆ.

ಅಂಗಡಿಯಲ್ಲಿ ಹಳ್ಳಿಗಳಿಂದ ಬಂದ ರೈತರ ನೂಕುನುಗ್ಗಲು. ಜೇಬಿನಲ್ಲಿ ಆಗಲೇ ಬಾಡಿಹೋಗಿದ್ದ ಎಲೆಗಳನ್ನು ಕೌಂಟರಿನಲ್ಲಿದ್ದವರು ಒಮ್ಮೆ ನೋಡಿ, "ಮುಟುರು ರೋಗ ಯಜಮಾನ್ರೆ, ಎಲ್ರಿಗೂ ಇದನ್ನೇ ಕೊಡ್ತಿರೋದು" ಎಂದು ದೊಡ್ಡ ಡಬ್ಬಿಯಿಂದ ಸುಮಾರು 50 ಮಿಲಿಯಷ್ಟು ದ್ರವವನ್ನು ಚಿಕ್ಕ ಪ್ಲಾಸ್ಟಿಕ್ ಬಾಟಲಿಗೆ ಸುರಿದು ಕೊಟ್ಟರು. ಬಾಟಲಿಯ ಮೇಲೆ ಚೀಟಿ ಇರಲಿಲ್ಲ, ಬಿಲ್ಲೂ ಇರಲಿಲ್ಲ. ಪ್ರಮಾಣ ಕೇಳಿದ್ದಕ್ಕೆ ಲೀಟರಿಗೆ ಒಂದು ಮುಚ್ಚಳ ಎಂದರು. ಹನ್ನೆರಡು ಗಿಡಕ್ಕೆ ಇಡೀ ಡಬ್ಬಿ ಕೊಳ್ಳುವ ಖರ್ಚು ಉಳಿಯಿತಲ್ಲ ಎಂದು ಆ ಹೊತ್ತಿಗೆ ನಾನೂ ಸಂತೋಷಪಟ್ಟೆ.

ಅದೇ ಸಂಜೆ ಐದು ಲೀಟರ್ ಕಲಸಿ ಮೆಣಸಿನ ಗಿಡಗಳಿಗೆಲ್ಲ ತೊಯ್ಯುವಂತೆ ಹೊಡೆದೆ. ಎರಡು ಲೀಟರ್ ಮಿಕ್ಕಿತು. ಚೆಲ್ಲುವುದೇಕೆಂದು, ಕೊಂಬೆಗಳಲ್ಲಿ ಬಿಳಿ ಹಿಟ್ಟಿನಂಥ ಹುಳ ಕಾಣುತ್ತಿದ್ದ ದಾಸವಾಳಕ್ಕೂ ಹೊಡೆದೆ. ಪಕ್ಕದ ಹೀರೆ ಬಳ್ಳಿಯ ಮೇಲೂ ತುಂತುರು ಹೋಯಿತು. ಜೇನುಹುಳುಗಳಿಗೆ ತೊಂದರೆಯಾಗದಿರಲೆಂದು ಸಂಜೆ ಹೊಡೆಯಬೇಕೆಂಬ ಮಾತನ್ನು ನಾನು ಪಾಲಿಸಿದ್ದೇನೋ ನಿಜ, ಆದರೆ ಹೀರೆ ಹೂವು ಅರಳುವುದೇ ಸಂಜೆಯೆಂಬುದು ದಿನಾಲೂ ಕಣ್ಣೆದುರು ಕಂಡರೂ ನೆನಪಾಗಲಿಲ್ಲ. ನಾಲ್ಕನೆಯ ದಿನ ಮಂಡಕ್ಕಿಯ ಜೊತೆಗೆಂದು ಅವೇ ಗಿಡಗಳ ಕಾಯಿ ಕಿತ್ತು ಮಿರ್ಚಿ ಮಾಡಿ ಮನೆಮಂದಿಯೆಲ್ಲ ತಿಂದೆವು. ಈಗ ಅದನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ.

ಹತ್ತು ದಿನದಲ್ಲಿ ಗಿಡಗಳು ಮೊದಲಿಗಿಂತ ಹೆಚ್ಚು ಮುಟುರಿದವು, ಹೂವು ಉದುರತೊಡಗಿತು. ಔಷಧಿ ಸಾಲದಾಯಿತೆಂದು ಮತ್ತೊಮ್ಮೆ ಹೊಡೆದೆ. ತಿಂಗಳ ಕೊನೆಗೆ ಹನ್ನೆರಡರಲ್ಲಿ ಒಂಬತ್ತು ಗಿಡಗಳ ತುದಿ ಸುಟ್ಟಂತಾಗಿತ್ತು. ದಾಸವಾಳದ ಸ್ಥಿತಿಯಂತೂ ಹೇಳತೀರದು. ಬಿಳಿ ಹುಳಗಳು ಮೊಗ್ಗಿನ ತೊಟ್ಟಿನವರೆಗೂ ತುಂಬಿ, ಎಲೆಗಳ ಮೇಲೆ ಅಂಟು ಸುರಿದು, ಬುಡದಿಂದ ತುದಿಗೆ ಇರುವೆಗಳ ಸಾಲು ಕಟ್ಟಿತ್ತು.

ಗೌರಿ ಹಬ್ಬಕ್ಕೆ ನಮ್ಮ ಅಕ್ಕನ ಮಗಳು ಬಂದಳು. ಅವಳು ತೋಟಗಾರಿಕೆ ಓದುತ್ತಿದ್ದಾಳೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮಡಚುವ ಪುಟ್ಟ ಭೂತಗನ್ನಡಿಯೊಂದು ಅವಳ ಚೀಲದಲ್ಲಿ ಸದಾ ಇರುತ್ತದೆ. ಮೆಣಸಿನ ಕುಡಿಯ ಎಲೆಯೊಂದನ್ನು ಮಗುಚಿ, ನಡುನರದ ಪಕ್ಕವನ್ನು ಗಾಜಿನಡಿ ಹಿಡಿದು ನನ್ನ ಕೈಗೆ ಕೊಟ್ಟಳು. ಬರಿಗಣ್ಣಿಗೆ ಏನೂ ಇಲ್ಲದಿದ್ದ ಜಾಗದಲ್ಲಿ ಗಾಜಿನ ಹರಳಿನಂಥ ಚಪ್ಪಟೆ ಮೊಟ್ಟೆಗಳು, ಅವುಗಳ ಮೇಲೆ ಸಾಲಾಗಿ ಚುಚ್ಚಿದಂತೆ ಬಿಳಿ ಚುಕ್ಕೆಗಳು, ನಡುವೆ ಜೇನಿನ ಬಣ್ಣದ ಚುಕ್ಕಿಯೊಂದು ಹರಿದಾಡುತ್ತಿತ್ತು. ಅದು ಹಳದಿ ಮೈಟ್ ನುಸಿ, ಉದ್ದ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗಕ್ಕಿಂತ ಹೆಚ್ಚಿಲ್ಲ.

ನಾವು ಮುಟುರು ಎಂಬ ಒಂದೇ ಹೆಸರಿನಿಂದ ಕರೆಯುವ ಈ ತೊಂದರೆಗೆ ಮೂರು ಬೇರೆ ಬೇರೆ ಮೂಲಗಳಿವೆ ಎಂಬುದು ನನಗೆ ಆ ದಿನ ತಿಳಿಯಿತು. ಎಲೆಯ ಅಂಚು ಮೇಲ್ಮುಖವಾಗಿ ದೋಣಿಯಂತೆ ಮಡಚಿಕೊಂಡಿದ್ದರೆ ಅದು ಸಾಮಾನ್ಯವಾಗಿ ರಸ ಹೀರುವ ಸಣ್ಣ ಕೀಟವಾದ ಥ್ರಿಪ್ಸ್‌ನ ಕೆಲಸ. ಅಂಚು ಕೆಳಮುಖವಾಗಿ, ಬೋರಲು ಹಾಕಿದ ದೋಣಿಯಂತೆ ಮಡಚಿ, ಎಲೆ ಸಪೂರವಾಗಿ, ತೊಟ್ಟು ಮಾತ್ರ ಇಲಿಯ ಬಾಲದಂತೆ ಉದ್ದವಾಗಿದ್ದರೆ ಅದು ಮೈಟ್ ನುಸಿ. ಇಡೀ ಗಿಡ ಕುಬ್ಜವಾಗಿ, ಎಲೆಗಳು ಚಿಕ್ಕದಾಗಿ ಗೊಂಚಲು ಕಟ್ಟಿದ್ದರೆ ಅದು ಬಿಳಿ ನೊಣ ಹರಡುವ ನಂಜು (ವೈರಸ್) ರೋಗ. ನಂಜು ಹತ್ತಿದ ಗಿಡವನ್ನು ಗುಣಪಡಿಸುವ ಔಷಧಿಯೇ ಇಲ್ಲ, ಕಿತ್ತು ಹಾಕಬೇಕು. ನಮ್ಮದು ಎರಡನೆಯದು. ನುಸಿ ಕೀಟವಲ್ಲ, ಜೇಡದ ಬಳಗಕ್ಕೆ ಸೇರಿದ್ದು. ಕೀಟಕ್ಕೆಂದು ಮಾಡಿದ ಎಷ್ಟೋ ಔಷಧಿಗಳು ಅದಕ್ಕೆ ತಾಗುವುದೇ ಇಲ್ಲ, ಬದಲಾಗಿ ಅದನ್ನು ತಿಂದು ಹತೋಟಿಯಲ್ಲಿಡುವ ಜೀವಿಗಳನ್ನು ಕೊಲ್ಲುತ್ತವೆ. ನಾನು ನುಸಿಯ ವೈರಿಗಳನ್ನು ಎರಡು ಸಲ ಸಾಯಿಸಿ ನುಸಿಗೆ ಹಿತ್ತಲು ಬಿಟ್ಟುಕೊಟ್ಟಿದ್ದೆ.

ದಾಸವಾಳದ ಕಥೆ ನನಗೆ ಇನ್ನಷ್ಟು ನೋವು ಕೊಟ್ಟಿತು. ಔಷಧಿ ಹೊಡೆಯುವ ಮೊದಲು ಮೊಬೈಲಿನಲ್ಲಿ ತೆಗೆದಿದ್ದ ಚಿತ್ರವನ್ನು ಅವಳಿಗೆ ತೋರಿಸಿ, ಇಷ್ಟು ದೊಡ್ಡ ಹುಳ ಎಂದೆ. ಅವಳು ಚಿತ್ರವನ್ನು ಹಿಗ್ಗಿಸಿ ನೋಡಿ, "ಮಾಮ, ಇದು ಹಿಟ್ಟು ತಿಗಣೆ ಅಲ್ಲ, ಹಿಟ್ಟು ತಿಗಣೆ ತಿನ್ನೋ ಹುಳ" ಎಂದಳು. ಅದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. ಮೈಮೇಲೆ ಬೇಟೆಯಂಥದ್ದೇ ಬಿಳಿ ಮೇಣ ಹೊದ್ದಿರುತ್ತದೆ. ಹಿಟ್ಟು ತಿಗಣೆ ಮೂರು ನಾಲ್ಕು ಮಿಲಿಮೀಟರಿನದು, ಇದ್ದಲ್ಲೇ ಅಂಟಿಕೊಂಡಿರುತ್ತದೆ. ಈ ಮರಿ ಒಂದು ಸೆಂಟಿಮೀಟರಿಗೂ ಮೀರಿ ಬೆಳೆಯುತ್ತದೆ, ಮೈಮೇಲಿನ ಮೇಣದ ಎಳೆಗಳು ಕೆದರಿರುತ್ತವೆ, ಕಡ್ಡಿಯಿಂದ ಮುಟ್ಟಿದರೆ ಸರಸರನೆ ಓಡುತ್ತದೆ. ಬಲಿತ ಹುಳುವಿಗೆ ಕಪ್ಪು ರೆಕ್ಕೆ, ಕಿತ್ತಳೆ ತಲೆ. ಆಸ್ಟ್ರೇಲಿಯಾದ ಈ ಜೀವಿಯನ್ನು 1898ರಲ್ಲಿ ನಮ್ಮ ದೇಶಕ್ಕೆ ತಂದದ್ದೇ ಕಾಫಿ ಗಿಡದ ಶಲ್ಕ ಕೀಟವನ್ನು ತಿನ್ನಿಸಲೆಂದು. ದುಡ್ಡು ಕೊಟ್ಟು ತಂದು ಬಿಡುವವರಿರುವ ಹುಳ ತಾನಾಗಿ ನಮ್ಮ ದಾಸವಾಳಕ್ಕೆ ಬಂದಿತ್ತು, ನಾನು ಮಿಕ್ಕ ಎರಡು ಲೀಟರ್ ಉಳಿತಾಯ ಮಾಡಲು ಹೋಗಿ ಅದನ್ನು ಕೊಂದೆ. ಇರುವೆಗಳು ಸಿಹಿ ಅಂಟಿನ ಆಸೆಗೆ ತಿಗಣೆಗಳನ್ನು ಕಾವಲು ಕಾಯುತ್ತವೆ, ಹಾಗಾಗಿ ಮುಂದಿನದು ಬೇಗ ಬೇಗ ಆಗಿಹೋಯಿತು.

ಮರುದಿನ ಅಂಗಡಿಗೆ ಹೋಗಿ ಮೂಲ ಡಬ್ಬಿಯನ್ನು ಕೇಳಿ ನೋಡಿದೆ. ಅದು ಇಮಿಡಾಕ್ಲೋಪ್ರಿಡ್ ಶೇ 17.8 ಎಂಬ ಕೀಟನಾಶಕ. ಮನೆಗೆ ಬಂದು ನನ್ನ ಬಾಟಲಿಯ ಮುಚ್ಚಳಕ್ಕೆ ಸಿರಿಂಜಿನಿಂದ ನೀರು ತುಂಬಿ ಅಳೆದಾಗ ಐದು ಮಿಲಿ ಹಿಡಿಯಿತು. ಲೀಟರಿಗೆ ಅರ್ಧ ಮಿಲಿ ಮೀರಬೇಕಿಲ್ಲದ ಔಷಧಿಯನ್ನು ನಾನು ಹತ್ತು ಪಟ್ಟು ಹಾಕಿದ್ದೆ. ಹೊಡೆದ ಮೇಲೆ ಮೆಣಸಿನಕಾಯಿ ಕೊಯ್ಯಲು 40 ದಿನ ಕಾಯಬೇಕೆಂಬುದೂ ಚೀಟಿಯಿಲ್ಲದ ಬಾಟಲಿ ಹೇಳುವಂತಿರಲಿಲ್ಲ. ಆದ್ದರಿಂದ ಮೊಹರು ಒಡೆದು ಸುರಿದು ಕೊಡುವುದನ್ನು ಯಾರೂ ಕೊಳ್ಳಬೇಡಿ. ಡಬ್ಬಿಯ ಮೇಲಿನ ಬಣ್ಣದ ತ್ರಿಕೋನವನ್ನು ಗಮನಿಸಿ: ಕೆಂಪು ಅತಿ ಘೋರ ವಿಷ, ನಂತರದ್ದು ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಬಿಲ್ಲನ್ನೂ ಕೇಳಿ ಪಡೆಯಿರಿ.

ಈಗ ನಾನು ಅನುಸರಿಸುತ್ತಿರುವ ಕ್ರಮ ಇಷ್ಟೇ. ಪ್ರತಿ ಭಾನುವಾರ ಬೆಳಿಗ್ಗೆ ಬೇರೆ ಬೇರೆ ಗಿಡಗಳ ಹತ್ತು ಕುಡಿ ಎಲೆಗಳನ್ನು ಮಗುಚಿ ಭೂತಗನ್ನಡಿಯಲ್ಲಿ ನೋಡುತ್ತೇನೆ. ಕುಡಿಯ ಕೆಳಗೆ ಬಿಳಿ ಹಾಳೆ ಹಿಡಿದು ಮೂರು ಸಲ ತಟ್ಟುತ್ತೇನೆ. ಥ್ರಿಪ್ಸ್ ಇದ್ದರೆ ಹಾಳೆಯ ಮೇಲೆ ಸಣ್ಣ ಹಳದಿ ಗೀಟುಗಳು ಓಡಾಡುತ್ತವೆ. ಹಳದಿ ಬಣ್ಣ ಬಳಿದ ತಗಡಿಗೆ ಹರಳೆಣ್ಣೆ ಸವರಿ ಗಿಡದ ಎತ್ತರಕ್ಕೆ ಕಟ್ಟಿದ್ದೇನೆ, ಬಿಳಿ ನೊಣ ಮತ್ತು ರೆಕ್ಕೆ ಬಂದ ಸಸ್ಯಹೇನು ಅದಕ್ಕೆ ಅಂಟುತ್ತವೆ. ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆಯುತ್ತೇನೆ, ಮುಂದಿನ ವಾರ ಏರಿದೆಯೋ ಇಳಿದಿದೆಯೋ ಎಂಬುದೇ ನನಗೆ ಮುಖ್ಯ. ಸಸ್ಯಹೇನುಗಳ ನಡುವೆ ಊದಿಕೊಂಡ ಕಂದು ಚಿಪ್ಪುಗಳು ಕಂಡರೆ ಪರೋಪಜೀವಿ ಕಣಜ ಒಳಗೆ ಕೆಲಸ ಮಾಡುತ್ತಿದೆಯೆಂದು ಸುಮ್ಮನಿರುತ್ತೇನೆ. ಟೊಮೆಟೊ ಎಲೆಯ ರಂಗೋಲಿ ಹುಳುವಿಗೆ ಆ ಎಲೆ ಕಿತ್ತರೆ ಮುಗಿಯಿತು. ಗುರುತು ಸಿಗದಿದ್ದರೆ ಎಲೆಯನ್ನು ಜೇಬಿನಲ್ಲಿ ಬಾಡಿಸದೆ, ಕೊಂಬೆಯ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ತೋಟಗಾರಿಕೆ ಇಲಾಖೆಗೋ ನಮ್ಮೂರಿನ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ದು ತೋರಿಸಿ.

ಹಾಳಾದ ಕುಡಿಗಳನ್ನು ಚಿವುಟಿ, ಉಳಿದ ಮೂರು ಗಿಡಗಳಿಗೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ ಮೂರು ಗ್ರಾಂನಂತೆ, ಎಲೆಯ ಅಡಿಗೆ ತಾಗುವ ಹಾಗೆ ಹೊಡೆದೆವು. ಇದನ್ನು ಬಿಸಿಲೇರಿದ ಮೇಲೆ ಹೊಡೆದರೆ ಎಲೆ ಸುಡುತ್ತದೆ, ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗೂ ಹೊಡೆಯಬಾರದು. ದಾಸವಾಳವನ್ನು ಅರ್ಧಕ್ಕೆ ಕತ್ತರಿಸಿ, ಇರುವೆ ಹತ್ತದಂತೆ ಕಾಂಡಕ್ಕೆ ಬಟ್ಟೆ ಸುತ್ತಿ ಗ್ರೀಸ್ ಬಳಿದೆ. ಅದು ಚಿಗುರಿದೆ. ಕಳೆದ ಭಾನುವಾರ ಹಿಟ್ಟು ತಿಗಣೆ ಹದಿನಾಲ್ಕು ಇದ್ದವು, ಕಡ್ಡಿ ತಾಗಿಸಿದಾಗ ಓಡಿದ ಬಿಳಿ ಮರಿ ಒಂದಿತ್ತು.